ಚಿರತೆ, ಮಿಂಚು ಬೇಡ. ಬಟರ್‌ಫ್ಲೈಯಿಂದ ಶುರು ಮಾಡಿ

ನಮಸ್ಕಾರ. ಡ್ರ್ಯಾಗ್ ರೇಸಿನ (ನೇರ ಹಾದಿಯ ಚಿಕ್ಕ ಕಾರು ಓಟ) ಥ್ರಾಟಲ್ ಸ್ಟಾಪ್, ಅಂದರೆ ಓಟದ ನಡುವೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಸ್ವಲ್ಪ ಹೊತ್ತು ತಡೆಯುವ ಸಾಧನದ ಬಗ್ಗೆ ನೀವು ಬಾಗಲಕೋಟೆಯಿಂದ ಕಳಿಸಿದ ಲೇಖನವನ್ನು ಇಲ್ಲಿ ಬೆಳಗಾವಿಯಲ್ಲಿ ಎರಡು ಸಲ ಓದಿದೆ. ಹೀಗೇ ಹಾಕೋಕೆ ಆಗಲ್ಲ. ಬಿಡೋಕೂ ಮನಸ್ಸಿಲ್ಲ.

ಮೊದಲ ಪುಟ ಪೂರ್ತಿ ತೆಗೆಯಿರಿ. ಚಿರತೆ, ಮಿಂಚು, ‘ವೇಗವೇ ಜೀವನ’. ಯಾರಿಗೆ ಬೇಕು? ಬಂಡಿ ಓಟ ನೋಡಿ ಬೆಳೆದ ನಮ್ಮ ಓದುಗರಿಗೆ ಮುಂದೆ ಹೋದವನೇ ಗೆದ್ದ ಅಂತ ಗೊತ್ತು. ಅಂಥವರಿಗೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ಸೂಪರ್ ಕಾಂಪ್ ಕ್ಲಾಸಿನ ಲೆಕ್ಕ ಹೇಳಿ. ಕಾಲು ಮೈಲಿಗೆ 8.90 ಸೆಕೆಂಡ್ ಅಂತ ಗೆರೆ, ಅದಕ್ಕಿಂತ ಬೇಗ ಮುಟ್ಟಬಾರದು. ಎದುರಿನವನು ಗೆರೆ ಮೀರದೆ ಸರಿಯಾಗಿ ಓಡಿದ್ದು, ನೀವು 8.89ರಲ್ಲಿ ಮುಟ್ಟಿದರೆ ಸೋತಿರಿ. ಅದಕ್ಕೇ ಕಾರನ್ನು ನಿಧಾನ ಮಾಡುವ ಸ್ಟಾಪ್. ಓದುಗ ಅಲ್ಲೇ ಕೂರುತ್ತಾನೆ. ಇದನ್ನು ನೀವು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ!

ಒಂದು ತಪ್ಪೂ ಇದೆ. ಸ್ಟಾಪ್ ಎಷ್ಟು ಹೊತ್ತು ಮುಚ್ಚಿರಬೇಕು ಅಂತ ಹೇಳುವ ಟೈಮರನ್ನು 0.10 ಸೆಕೆಂಡ್ ಹೆಚ್ಚಿಸಿದರೆ ಓಟವೂ ಅಷ್ಟೇ ನಿಧಾನವಾಗುತ್ತೆ ಅಂದಿದ್ದೀರಿ. ಇಲ್ಲ. ಸ್ಟಾಪ್ ಮುಚ್ಚಿದ್ದಾಗಲೂ ಕಾರು ಓಡುತ್ತಲೇ ಇರುತ್ತೆ, ಅಲ್ವಾ? ಹಾಗಾಗಿ ಕಳೆದುಕೊಳ್ಳುವುದು ಅದಕ್ಕಿಂತ ಕಮ್ಮಿ. ಎಷ್ಟು ಅನ್ನೋದು ಆಯಾ ಕಾರಿನ ಲೆಕ್ಕ. ಟೈಮರ್ ಒಂದನ್ನೇ ಬದಲಿಸಿ ಓಡಿಸಿ, ಬರೆದಿಟ್ಟುಕೊಂಡರೇ ಅದು ಸಿಗೋದು.

ಇನ್ನೊಂದು ಮಾತು, ಬೇಜಾರಾಗಬೇಡಿ. ರೇಸ್ ಕಾರು ಮುಟ್ಟಿಲ್ಲ ಅಂತ ಪತ್ರದಲ್ಲಿ ನೀವೇ ಬರೆದಿದ್ದೀರಿ. ಲೇಖನದಲ್ಲಿ ಮಾತ್ರ ‘ನಾನು ಟೈಮರ್ ತಿರುಗಿಸಿದಾಗ’ ಅಂತಿದೆ. ಅದು ಹೋಗಲಿ. ನಿಮ್ಮ ಕೈಗೆ ಗೊತ್ತಿರೋದು ಕಾರ್ಬ್ಯುರೇಟರ್, ಅದರೊಳಗೆ ತಿರುಗಿ ಗಾಳಿ ಬಿಡುವ, ತಡೆಯುವ ತಟ್ಟೆ ಬಟರ್‌ಫ್ಲೈ. ‘ಬೆರಳಿಂದ ಬಟರ್‌ಫ್ಲೈ ಒತ್ತಿದರೆ ಎಂಜಿನ್ ಉಸಿರುಗಟ್ಟಿದಂತೆ ಕೆಮ್ಮಿತು’ ಅಂತ ಗ್ಯಾರೇಜಿನ ಪ್ಯಾರಾದಲ್ಲಿದೆಯಲ್ಲ, ಆ ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿಂದ ನೇರ ವಿಷಯಕ್ಕೆ ಬನ್ನಿ: ಕೆಲವು ರೇಸ್ ಕಾರುಗಳಲ್ಲಿ ಕಾರ್ಬ್ಯುರೇಟರಿನ ಕೆಳಗೆ ಇನ್ನೊಂದು ಜೊತೆ ಬಟರ್‌ಫ್ಲೈ ಇರುತ್ತೆ. ಚಾಲಕ ಪೆಡಲ್ ಪೂರ್ತಿ ಒತ್ತಿದ್ದರೂ ಟೈಮರ್ ಹೇಳಿದಾಗ ಅದು ಮುಚ್ಚುತ್ತೆ, ಆಮೇಲೆ ತೆರೆಯುತ್ತೆ. ಬೈಕಿನ ಐಡ್ಲಿಂಗ್ ಸ್ಕ್ರೂ ಬೇರೆ, ಇದು ಬೇರೆ ಅಂತಲೂ ಒಂದು ಸಾಲು ಹಾಕಿ. ಗ್ಯಾರೇಜಿನವರು ಖಂಡಿತ ಕೇಳ್ತಾರೆ.

ಹವಾಮಾನದ ಭಾಗ ಬೆಳೆಸಿ. ಮಧ್ಯಾಹ್ನದ ಬಿಸಿಗೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತೆ. ಸಂಜೆ ತಂಪಾದರೆ ಅದೇ ಕಾರು ಚುರುಕು, ಟೈಮರ್ ಹೆಚ್ಚಿಸದಿದ್ದರೆ 8.90ರ ಗೆರೆ ಮೀರುತ್ತೆ. ಏಪ್ರಿಲ್ ಬಿಸಿಲು ಕಂಡ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆರು ಪುಟ ಮೂರಾಗಲಿ. ಫೋಟೋ ಬೇಡ. ಬಟರ್‌ಫ್ಲೈ ಚಿತ್ರ ನೀವೇ ಪೆನ್ನಲ್ಲಿ ಬಿಡಿಸಿ ಕಳಿಸಿ, ಗೆರೆ ಡೊಂಕಾದರೂ ಪರವಾಗಿಲ್ಲ.