ಓದುಗರ ಪ್ರಶ್ನೆ: ತೊಡೆಯ ಬಿಗಿತಕ್ಕೆ ಲೇಸರ್ ಹಿಡಿಸಬೇಕೆ?

ಪ್ರಶ್ನೆ: ನನಗೆ 22 ವರ್ಷ. ಪೊಲೀಸ್ ದೈಹಿಕ ಪರೀಕ್ಷೆಗೆಂದು ಬೆಳಗ್ಗೆ ಹೈಸ್ಕೂಲ್ ಮೈದಾನದಲ್ಲಿ ಓಡುತ್ತೇನೆ, ಉಳಿದ ಹೊತ್ತೆಲ್ಲ ಲೈಬ್ರರಿಯಲ್ಲಿ ಕೂತು ಓದು. ಮಂಡಿ ಮಡಿಸದೆ ಬಗ್ಗಿದರೆ ಕೈ ಪಾದದಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತದೆ, ತೊಡೆಯ ಹಿಂಭಾಗ ಹಗ್ಗ ಎಳೆದಂತಾಗುತ್ತದೆ. 10 ಸಿಟ್ಟಿಂಗ್ ಲೇಸರ್ ತೆಗೆದುಕೊಂಡರೆ ಸಡಿಲವಾಗುತ್ತದೆ ಎನ್ನುತ್ತಾರೆ. ನಿಜವೇ?
– ಓದುಗ, ದಾವಣಗೆರೆ

ಉತ್ತರ: ಲೇಸರ್ ಒಂದರಿಂದಲೇ ಆಗುವುದಿಲ್ಲ. ಬೆಳಕು ಸ್ನಾಯುವನ್ನು ಎಳೆದು ಉದ್ದ ಮಾಡುವುದಿಲ್ಲ. ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಅದು 600ರಿಂದ 1000 ನ್ಯಾನೊಮೀಟರ್‌ನ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ. ಇದರಿಂದ ಕೋಶದ ಶಕ್ತಿ ಉತ್ಪಾದನೆ ಚುರುಕಾಗಿ ನೋವು, ಆಯಾಸ ತಗ್ಗಬಹುದು ಎಂಬುದು ಈ ಚಿಕಿತ್ಸೆಯ ಆಧಾರ. ನೋವು ತಗ್ಗಿದರೆ ಎಳೆತ ತಡೆದುಕೊಳ್ಳುವುದು ಸುಲಭ. ಲೇಸರ್‌ನಿಂದ ನಿಮಗೆ ಸಿಗಬಹುದಾದ ಸಹಾಯ ಅಷ್ಟೇ. ಸಡಿಲ ಮಾಡುವ ಕೆಲಸ ಸ್ಟ್ರೆಚಿಂಗ್‌ನದು.

ದುಡ್ಡು ಕೊಡುವ ಮುಂಚೆ ನಿಮ್ಮ ಬಿಗಿತವನ್ನು ಅಳೆದುಕೊಳ್ಳಿ. ಬಗ್ಗಿ ಪಾದ ಮುಟ್ಟುವ ಪರೀಕ್ಷೆ ಇದಕ್ಕೆ ಸಾಲದು, ಏಕೆಂದರೆ ಅದರಲ್ಲಿ ಬೆನ್ನೂ ಬಾಗುತ್ತದೆ. ನೆಲದ ಮೇಲೆ ಅಂಗಾತ ಮಲಗಿ. ಒಂದು ಕಾಲು ಚಾಚಿರಲಿ. ಇನ್ನೊಂದು ತೊಡೆಯನ್ನು ನೆಲಕ್ಕೆ ಲಂಬವಾಗಿ ಎತ್ತಿ ಎರಡೂ ಕೈಯಿಂದ ಹಿಡಿದು, ತೊಡೆ ಅಲುಗದಂತೆ ಮಂಡಿಯನ್ನು ನಿಧಾನವಾಗಿ ಬಿಡಿಸಿ. ಗೆಳೆಯರೊಬ್ಬರು ಮೊಬೈಲಿನ ಲೆವೆಲ್ ಆ್ಯಪನ್ನು ಮಂಡಿಯ ಕೆಳಗಿನ ಕಾಲಿನ ಮುಂಭಾಗಕ್ಕೆ ಒತ್ತಿ ಹಿಡಿಯಲಿ. ಕಾಲು ಪೂರ್ತಿ ನೇರವಾಗಲು 20 ಡಿಗ್ರಿಗಿಂತ ಹೆಚ್ಚು ಬಾಕಿ ಉಳಿದರೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಬಿಗಿ ಎಂದು ಸಾಮಾನ್ಯವಾಗಿ ಲೆಕ್ಕ. ಮೂರು ಸಲ ಅಳೆದು ಸರಾಸರಿ ಬರೆದಿಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಓಡುವ ಮೊದಲೇ ಅಳೆಯಿರಿ. ಮೈ ಕಾದ ಮೇಲೆ ಯಾರಿಗಾದರೂ ಕಾಲು ಹೆಚ್ಚೇ ಬಿಡಿಸುತ್ತದೆ. ಚಿಕಿತ್ಸೆ ಮುಗಿದ ಕೂಡಲೇ ಅಳೆದು 'ನೋಡಿ, ಬಂತು' ಎಂದರೆ ನಂಬಬೇಡಿ. ಮರುದಿನ ಬೆಳಗಿನ ಅಳತೆಯೇ ಅಳತೆ.

ಇದೇ ಹೊತ್ತಿಗೆ ಇನ್ನೊಂದು ಪರೀಕ್ಷೆ. ಎಳೆತ ಬಂದ ಜಾಗದಲ್ಲಿ ನಿಲ್ಲಿಸಿ, ತಲೆ ಎತ್ತಿ ಗದ್ದವನ್ನು ಎದೆಗೆ ತನ್ನಿ, ಪಾದವನ್ನು ನಿಮ್ಮ ಕಡೆಗೆ ಬಾಗಿಸಿ. ಆಗ ನೋವು ಏರಿದರೆ, ಅಥವಾ ಮಂಡಿಯ ಕೆಳಗೆ ಪಾದದವರೆಗೆ ಜೋಮು, ಉರಿ ಹರಿದರೆ, ಬಿಗಿದಿರುವುದು ಸ್ನಾಯುವಲ್ಲ, ನರ ಇರಬಹುದು. ಅಂಥವರು ಜೋರಾಗಿ ಎಳೆದರೆ ತೊಂದರೆ ಹೆಚ್ಚುತ್ತದೆ. ಮೊದಲು ಸೊಂಟ ತೋರಿಸಬೇಕು.

ಇನ್ನು ಲೇಸರ್ ಮಾಡಿಸುವುದೇ ಆದರೆ ಕೇಳಬೇಕಾದ ಪ್ರಶ್ನೆ ಒಂದು: ಒಂದು ಕಾಲಿಗೆ ಒಟ್ಟು ಎಷ್ಟು ಜೂಲ್? ವ್ಯಾಟ್‌ನಲ್ಲಿರುವ ಶಕ್ತಿಯನ್ನು ಸೆಕೆಂಡಿನಿಂದ ಗುಣಿಸಿದರೆ ಜೂಲ್. ತೊಡೆಯಂಥ ದೊಡ್ಡ ಸ್ನಾಯುಗಳಿಗೆ, ವ್ಯಾಯಾಮದ ಮೊದಲು ಕೊಡುವಾಗ, ತಜ್ಞರು ಸೂಚಿಸಿರುವ ಪ್ರಮಾಣ 60ರಿಂದ 300 ಜೂಲ್. 100 ಮಿಲಿವ್ಯಾಟ್‌ನ ಒಂಟಿ ಪ್ರೋಬ್‌ನಲ್ಲಿ (ಮೈಗೆ ಹಿಡಿಯುವ ತುದಿ) 60 ಜೂಲ್ ತಲುಪಲು 600 ಸೆಕೆಂಡ್, ಅಂದರೆ ಕಾಲೊಂದಕ್ಕೆ 10 ನಿಮಿಷ ಬೇಕು. ಎರಡು ನಿಮಿಷ ಸವರಿ ಕಳಿಸಿದರೆ ಸಿಕ್ಕಿದ್ದು 12 ಜೂಲ್ ಮಾತ್ರ. ಅದೂ ಪಲ್ಸ್ ಮೋಡ್‌ನಲ್ಲಿ ಅರ್ಧ ಹೊತ್ತು ಆರಿರುವಂತೆ ಇಟ್ಟಿದ್ದರೆ 6. ಹಾಗೆಂದು ಮಿತಿ ಮೀರಿ ಕೊಟ್ಟರೂ ಉಪಯೋಗ ಇಳಿಯುತ್ತದೆ. ಈ ಬೆಳಕಿಗೆ ಕಡಿಮೆಯಾದರೂ ಕೆಲಸವಿಲ್ಲ, ಅತಿಯಾದರೂ ಕೆಲಸವಿಲ್ಲ.

ಪ್ರೋಬ್ ಚರ್ಮಕ್ಕೆ ನೇರವಾಗಿ ಒತ್ತಿರಬೇಕು. ಗಾಳಿಯಲ್ಲಿ ಹಿಡಿದರೆ ಬೆಳಕಿನ ಒಂದು ಪಾಲು ಪ್ರತಿಫಲಿಸಿ ಹೋಗುತ್ತದೆ. ಪ್ಯಾಂಟಿನ ಮೇಲೆ ಹಿಡಿಸಿಕೊಳ್ಳಬೇಡಿ. ನೋವಿನ ಮುಲಾಮು, ಎಣ್ಣೆ ಒರೆಸಿಯೇ ಹೋಗಿ. ರೋಗಿಗೂ ಕೊಡುವವರಿಗೂ ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಇರಲೇಬೇಕು. ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಕೂಲಿಂಗ್ ಗ್ಲಾಸ್ ಇದನ್ನು ತಡೆಯದು.

ಈಗ ಮುಖ್ಯ ಕೆಲಸ. ಮನೆಯ ಬಾಗಿಲಲ್ಲಿ ಅಂಗಾತ ಮಲಗಿ. ಒಂದು ಕಾಲು ಬಾಗಿಲಿನಾಚೆ ನೆಲದ ಮೇಲಿರಲಿ, ಇನ್ನೊಂದರ ಹಿಮ್ಮಡಿ ಚೌಕಟ್ಟಿನ ಮೇಲೆ. ಎಳೆತ ತಿಳಿಯಬೇಕು, ನೋವಾಗಬಾರದು. ಅರ್ಧ ಬಲದಿಂದ ಹಿಮ್ಮಡಿಯನ್ನು ಚೌಕಟ್ಟಿಗೆ 6 ಸೆಕೆಂಡ್ ಒತ್ತಿ, ಬಿಡಿ, ಸೊಂಟವನ್ನು ಸ್ವಲ್ಪ ಗೋಡೆಯ ಹತ್ತಿರ ಸರಿಸಿ 30 ಸೆಕೆಂಡ್ ಹಾಗೇ ಇರಿ. ಕಾಲೊಂದಕ್ಕೆ 3 ಸಲ, ವಾರಕ್ಕೆ 5 ದಿನ, 6 ವಾರ. ಲೇಸರ್ ಹಿಡಿಸಿದ ದಿನ ಅದಾದ ಮೇಲೆ ಮಾಡಿ. ಸಾಮಾನ್ಯವಾಗಿ ಎಡವುವುದು ಎರಡು ಕಡೆ: ಸೊಂಟ ನೆಲದಿಂದ ಏಳುವುದು, ಕಾಲನ್ನು ಜಗ್ಗಿ ಜಗ್ಗಿ ಕುಣಿಸುವುದು. ಮೊದಲ ವಾರಗಳಲ್ಲಿ ಕಾಣುವ ಸುಧಾರಣೆ ಬಹುಪಾಲು ಎಳೆತ ಸಹಿಸುವ ಶಕ್ತಿ ಬೆಳೆದದ್ದರಿಂದ. ಆದ್ದರಿಂದಲೇ ಎರಡು ವಾರ ಬಿಟ್ಟರೆ ಬಂದದ್ದು ಜಾರತೊಡಗುತ್ತದೆ.

ಓಟಕ್ಕೆ ಮುಂಚೆ ಮಾತ್ರ ಇದು ಬೇಡ. ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಹಿಡಿದೆಳೆದರೆ ಸ್ವಲ್ಪ ಹೊತ್ತು ಬಲ ತಗ್ಗುತ್ತದೆ. ಆಗ ನಿಧಾನ ಓಟ, ನಿಂತು ಕಾಲು ಬೀಸುವುದು ಸಾಕು. ಓದುವಾಗ ಮುಕ್ಕಾಲು ಗಂಟೆಗೊಮ್ಮೆಯಾದರೂ ಏಳಿ. ಬಿಗಿತ ತಗ್ಗಿದ ಮೇಲೆ ಮಂಡಿಯೂರಿ ನಿಂತು, ಜೊತೆಗಾರ ಹಿಮ್ಮಡಿ ಹಿಡಿದಿರುವಾಗ, ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ನಾರ್ಡಿಕ್ ವ್ಯಾಯಾಮ ಸೇರಿಸಿ: ಮೊದಲ ವಾರ ಒಂದೇ ದಿನ, 5ರಂತೆ ಎರಡು ಸುತ್ತು. ಸ್ನಾಯುವಿನ ಎಳೆಗಳನ್ನು ನಿಜಕ್ಕೂ ಉದ್ದಗೊಳಿಸುವುದು ಇಂಥ ವ್ಯಾಯಾಮ. ಓಡುವವರೆಲ್ಲ ಕಲಿಯಬೇಕಾದದ್ದು ಇದು.

ಪ್ರಶ್ನೆ: ನಾನು ಫಿಸಿಯೊಥೆರಪಿ ವಿದ್ಯಾರ್ಥಿ. ಕ್ಲಾಸ್ 4 ಲೇಸರ್ ಹಿಡಿದಾಗ ಕಪ್ಪು ಮೈಬಣ್ಣದ ಯುವಕನೊಬ್ಬನಿಗೆ ಚುರ್ ಎಂದಿತು, ಅಲ್ಲೇ ಹಚ್ಚೆಯೂ ಇತ್ತು. ಡೋಸ್ ಹೆಚ್ಚಾಗಿತ್ತೇ?
– ಓದುಗ, ಚಿತ್ರದುರ್ಗ

ಉತ್ತರ: ಒಟ್ಟು ಜೂಲ್ ಸರಿಯಿದ್ದೂ ಚರ್ಮ ಸುಡಬಹುದು. 500 ಮಿಲಿವ್ಯಾಟ್ ದಾಟಿದರೆ ಕ್ಲಾಸ್ 4. 10 ವ್ಯಾಟ್‌ನ ಯಂತ್ರ 60 ಜೂಲನ್ನು 6 ಸೆಕೆಂಡಿನಲ್ಲಿ ಸುರಿದುಬಿಡುತ್ತದೆ. ಚರ್ಮದ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಹಚ್ಚೆಯ ಶಾಯಿ ಇನ್ನೂ ಹೆಚ್ಚು. ನಮ್ಮ ಸೀಮೆಯ ಮೈಬಣ್ಣಕ್ಕೆ ವ್ಯಾಟ್ ತಗ್ಗಿಸಿ, ಸಮಯ ಹೆಚ್ಚಿಸಿ. ಪ್ರೋಬನ್ನು ಒಂದೆಡೆ ನಿಲ್ಲಿಸದೆ ಸಮನಾಗಿ ಆಡಿಸುತ್ತಿರಿ, ಹಚ್ಚೆಯನ್ನು ಬಿಟ್ಟು ಸುತ್ತ ಹಿಡಿಯಿರಿ. ಮೊದಲು ಬಿಸಿ–ತಣ್ಣನೆಯ ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷಿಸಿ. 'ಹಿತವಾದ ಬೆಚ್ಚಗೆ' ದಾಟಿದರೆ ತಕ್ಷಣ ಹೇಳಬೇಕೆಂದು ರೋಗಿಗೆ ತಿಳಿಸಿರಿ. ಕ್ಯಾನ್ಸರ್ ಗಡ್ಡೆಯ ಜಾಗ, ಗರ್ಭಿಣಿಯ ಹೊಟ್ಟೆ–ಸೊಂಟ, ಥೈರಾಯ್ಡ್, ಕಣ್ಣು – ಇಲ್ಲಿಗೆ ಲೇಸರ್ ಬೇಡ.

ಪ್ರಶ್ನೆ: ನನಗೆ 23. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದೇನೆ, ಜಿಮ್‌ಗೂ ಹೋಗುತ್ತೇನೆ. ತಿಂಗಳಿಂದ ಸೊಂಟ, ತೊಡೆ ಬಿಗಿ. ಲೇಸರ್ ತೆಗೆದುಕೊಳ್ಳಬಹುದೇ?
– ಓದುಗಳು, ಹರಿಹರ

ಉತ್ತರ: ಸದ್ಯಕ್ಕೆ ಬೇಡ. ಈ ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಸ್ನಾಯು ನೋವು, ಸೊಂಟ ನೋವು ಈ ಮಾತ್ರೆಯದೇ ಅಡ್ಡಪರಿಣಾಮ ಇರಬಹುದು, ಭಾರೀ ವ್ಯಾಯಾಮ ಮಾಡುವವರಲ್ಲಿ ವಿಶೇಷವಾಗಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಚರ್ಮವೈದ್ಯರಿಗೆ ಬಿಗಿತದ ವಿಷಯ ಹೇಳಿ, ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಪಿಕೆ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಅಲ್ಲಿಯವರೆಗೆ ಜಿಮ್‌ನಲ್ಲಿ ಭಾರ ಇಳಿಸಿ. ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.