ಗೇಟಿನ ಸದ್ದಿಗೇ ಉಚ್ಚೆ ಹೊಯ್ಯುವ ಕೆಂಚಿ

(ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೆಸರು, ವಿವರ ಬದಲಿಸಿ ಬರೆದಿದ್ದೇನೆ.)

ಕೆಂಚಿಗೆ 7 ತಿಂಗಳು. ಬೀದಿಯಿಂದ ತಂದು ಸಾಕಿದ ಹೆಣ್ಣು ನಾಯಿಮರಿ. ಮೈಸೂರಿನ ಹಳೇ ಮನೆ, ಕೆಂಪು ಗಾರೆ ನೆಲ. ನಾಯಿಗಳ ನಡವಳಿಕೆ ನೋಡಿ ಸಲಹೆ ಕೊಡುವ ನನಗೆ ಫೋನ್ ಮಾಡಿದ್ದು ಮನೆಯಾಕೆ. "ಮೇಡಂ, ಹೊರಗೆ ಕರ್ಕೊಂಡು ಹೋದರೆ ಸರಿಯಾಗೇ ಮಾಡ್ತಾಳೆ. ಇವರು ಕೆಲಸದಿಂದ ಬಂದಾಗ ಮಾತ್ರ ಬಾಗಿಲಲ್ಲೇ ಹೊಯ್ದುಬಿಡ್ತಾಳೆ." ಪಕ್ಕದಿಂದ ಯಜಮಾನರ ದನಿ: "ಬೇಕಂತಲೇ ಮಾಡೋದು ಅದು."

ಮೊದಲು ಪಶುವೈದ್ಯರ ಹತ್ತಿರ ಕಳಿಸಿದೆ. ಮೂತ್ರದ ಸೋಂಕಿದ್ದರೂ ಹೀಗೆ ಸೋರಬಹುದು, ಅದನ್ನು ನೋಡದೆ ಸ್ವಭಾವದ ಮಾತು ಆಡಬಾರದು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆಮೇಲೆ ಒಂದು ಸಂಜೆ ಅವರ ಹಜಾರದಲ್ಲಿ ಸುಮ್ನೆ ಕೂತು ನೋಡಿದೆ.

ಗೇಟಿನ ಚಿಲಕ ಸದ್ದಾಯಿತು. ಕೆಂಚಿ ಬಾಲ ಆಡಿಸುತ್ತಾ ಓಡಿದಳು. ಯಜಮಾನರು ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದು, ಗಟ್ಟಿ ದನಿಯಲ್ಲಿ "ಏನೇ ಕೆಂಚಿ!" ಅಂತ ಬಗ್ಗಿ ತಲೆ ಮೇಲೆ ಕೈ ಚಾಚಿದರು, ಅಷ್ಟರಲ್ಲಿ ಅವಳ ಕಿವಿ ಹಿಂದಕ್ಕೆ ಅಂಟಿಕೊಂಡಿತ್ತು, ಬಾಲ ಕಾಲಸಂದಿಗೆ ಸೇರಿತ್ತು, ಮುಖ ಆಚೆ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಾ ಹಾಗೇ ಅಂಗಾತ ಬಿದ್ದಳು. ನೆಲದ ಮೇಲೆ ಅಂಗೈಯಗಲ ಒದ್ದೆ. ಅವರು ಗದರಿದರು. ಒದ್ದೆ ಇನ್ನೂ ಹರಡಿತು.

ಇದು ಹಟ ಅಲ್ಲ. ಕಲಿತದ್ದು ಮರೆತದ್ದೂ ಅಲ್ಲ. "ನಾನು ಚಿಕ್ಕವಳು, ನನ್ನಿಂದ ತೊಂದರೆ ಇಲ್ಲ, ಬಿಟ್ಟುಬಿಡಿ" ಅಂತ ಮರಿ ದೊಡ್ಡವರಿಗೆ ಹೇಳುವ ರೀತಿ ಅದು. ತಡೆದುಕೊಳ್ಳುವುದು ಅದರ ಕೈಲಿಲ್ಲ. ಬೈದರೆ ಅದನ್ನೇ ಇನ್ನೂ ಜಾಸ್ತಿ ಹೇಳಬೇಕಾಗುತ್ತೆ, ಅಲ್ವಾ? ಯಾರೋ ಹೇಳಿದರು ಅಂತ ಒಂದೆರಡು ಸಲ ಮೂತಿಯನ್ನು ಅದರಲ್ಲೇ ಒರೆಸಿದ್ದರಂತೆ. ಕೇಳಿ ನನ್ನ ಹೊಟ್ಟೆ ಚುರ್ ಅಂದಿತು. ಇನ್ನು ಯಾವತ್ತೂ ಹಾಗೆ ಮಾಡಬೇಡಿ ಅಂದೆ. "ಹಾಗಾದ್ರೆ ನಾನು ಅಂದ್ರೆ ಭಯಾನಾ ಅದಕ್ಕೆ?" ಅಂತ ಕೇಳಿದಾಗ ಅವರ ಮುಖ ಇಳಿದುಹೋಗಿತ್ತು. ಭಯ ಇದೆ ಸಾರ್, ಪ್ರೀತಿನೂ ಇದೆ, ಇಲ್ಲದಿದ್ದರೆ ಬಾಗಿಲಿಗೆ ಯಾಕೆ ಓಡಿ ಬರ್ತಾಳೆ ಅಂದೆ.

ಅವರಿಗೆ ಹೇಳಿದ್ದು ಇಷ್ಟು. ಹೆಲ್ಮೆಟ್ ಗೇಟಿನ ಹೊರಗೇ ತೆಗೆಯಿರಿ. ನೀವು ಬರುವ ಮುಂಚೆ ಮನೆಯವರು ಅವಳನ್ನು ಹೊರಗೆ ಬಿಟ್ಟು ಹೊಯ್ಯಿಸಿರಲಿ. ಒಳಗೆ ಬಂದ ಮೇಲೆ 5-10 ನಿಮಿಷ ಮಾತು ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ಬೇಡ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಚೂರು ನೆಲಕ್ಕೆ ಚೆಲ್ಲಿ, ಮೂಸಿ ಹುಡುಕುತ್ತಾ ಹೋದ ಹಾಗೆ ಮರಿಯ ಮೈ ಸಡಿಲವಾಗುತ್ತೆ. ಆಮೇಲೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿ, ಅವಳೇ ಬರಲಿ. ತಲೆ ಮುಟ್ಟಬೇಡಿ, ಗದ್ದದ ಕೆಳಗೆ, ಎದೆ ಹತ್ತಿರ ಸವರಿ. ಹೊಯ್ದರೆ ಏನೂ ಅನ್ನದೆ ಒರೆಸಿಬಿಡಿ.

ಮೊದಲ ವಾರ ಕಷ್ಟವಾದದ್ದು ಅವರಿಗೇ. ಓಡಿ ಬಂದ ಮರಿಯನ್ನು ಮಾತಾಡಿಸದೆ ಇರುವುದು ಸುಲಭ ಅಲ್ಲ. ಮೂರನೇ ವಾರದಲ್ಲಿ ಕೆಂಚಿ ನಿಂತುಕೊಂಡೇ ಅವರ ಕೈ ಮೂಸಿದಳು, ನೆಲ ಒಣಗಿತ್ತು. ಬಹಳಷ್ಟು ಮರಿಗಳಲ್ಲಿ ಒಂದು ವರ್ಷದ ಹೊತ್ತಿಗೆ ಇದು ತಾನಾಗೇ ಕಡಿಮೆಯಾಗುತ್ತೆ, ಹೆದರಿಸದಿದ್ದರೆ.

ನೆಂಟರು ಬಂದಾಗ ಈಗಲೂ ಒಮ್ಮೊಮ್ಮೆ ಆಗುತ್ತೆ. ಮೊನ್ನೆ ಯಜಮಾನರೇ ಗೇಟಿನ ಹತ್ತಿರ ನಿಂತು ಹೇಳಿದರಂತೆ: "ಅವಳನ್ನ ನೋಡ್ಬೇಡಿ, ಬಂದು ಕೂತ್ಕೊಳ್ಳಿ. ಅವಳೇ ಬರ್ತಾಳೆ."