ಬರಗಾಲಕ್ಕೆ ಪಿಎಚ್‌.ಡಿ. ಏಕೆ?

(ಚಿಂತಾಮಣಿಯ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆಯುತ್ತಾರೆ: “ಹವಾಮಾನ ಬದಲಾವಣೆಯ ಬಗ್ಗೆ ಜಿಲ್ಲಾ ಮಟ್ಟದ ಸಂಶೋಧನೆ ಆಗಲೇಬೇಕೆಂದು ಕಳೆದ ಸಂಚಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೀರಿ. ಭೂಮಿ ಬಿಸಿಯಾಗುತ್ತಿದೆ ಎಂದು ಪ್ರಪಂಚದ ವಿಜ್ಞಾನಿಗಳು ಹೇಳಿ ಆಯಿತು. ನಮ್ಮ ಕೊಳವೆಬಾವಿ ಬತ್ತಿರುವುದು ನಮಗೇ ಗೊತ್ತಿದೆ. ಬೇಕಾಗಿರುವುದು ನೀರು, ಪ್ರಬಂಧವಲ್ಲ. ಬರಗಾಲಕ್ಕೆ ಪಿಎಚ್‌.ಡಿ. ಏಕೆ?”)

ಮೇಷ್ಟ್ರೇ, ನಿಮ್ಮ ಕೊನೆಯ ಸಾಲಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಸಿಟ್ಟು ಬಂತು.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲದೆ ಇಲ್ಲ. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತ ಹೆಂಗಸಿಗೆ ಕೋಷ್ಟಕ ತೋರಿಸುವುದು ಮರ್ಯಾದೆಯಲ್ಲ. ಈಚೆಗೆ ‘ಸುಸ್ಥಿರ ಅಭಿವೃದ್ಧಿ’ಯ ವಿಚಾರ ಸಂಕಿರಣವೊಂದಕ್ಕೆ ಹೋಗಿದ್ದೆ. ಬೇರೆ ಬೇರೆ ಊರಿನಿಂದ ಬಂದ ಮೂವರು ಓದಿದ ಮಳೆಯ ಕೋಷ್ಟಕ ಒಂದೇ ಆಗಿತ್ತು, ಅದರೊಳಗಿನ ಅಚ್ಚಿನ ತಪ್ಪೂ ಒಂದೇ. ಇಂಥದ್ದನ್ನು ನೀವು ಬೈದರೆ ನನ್ನದೂ ಒಂದು ಬೈಗುಳ ಸೇರಿಸಿಕೊಳ್ಳಿ.

ಆದರೆ ನಮ್ಮ ಬಯಲುಸೀಮೆ ಕೆಟ್ಟಿರುವುದು ಸಂಶೋಧನೆ ಜಾಸ್ತಿಯಾಗಿ ಎಂದು ಹೇಳಬೇಡಿ. ನೀಲಗಿರಿ ಮರವನ್ನೇ ತೆಗೆದುಕೊಳ್ಳಿ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ, ವಿಶ್ವಬ್ಯಾಂಕ್ ನೆರವಿನಲ್ಲಿ, ಕೋಲಾರದ ರಾಗಿ ಹೊಲಗಳಿಗೂ ಅದು ನುಗ್ಗಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ಸಸಿಗಳನ್ನು ಕಿತ್ತುಹಾಕಿದರು. ಆಗ ಶುರುವಾದ ಜಗಳ ನಿಮಗೆ ನೆನಪಿರಬೇಕು: ಈ ಮರ ನೀರು ಕುಡಿಯುತ್ತದೆ ಎಂದು ಒಂದು ಗುಂಪು, ಇಲ್ಲ ಎಂದು ಇನ್ನೊಂದು. ಎರಡು ಕಡೆಯೂ ವಿಜ್ಞಾನಿಗಳೇ.

ಕಡೆಗೆ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಕರ್ನಾಟಕದಲ್ಲೇ ಬೇರೆ ಬೇರೆ ಜಾಗಗಳಲ್ಲಿ ಕೂತು ಅಳೆದರು. ಶಿವಮೊಗ್ಗ ಹತ್ತಿರದ ಪುರದಾಳಿನಲ್ಲಿ ನೀಲಗಿರಿ ತೋಪು ಹೀರಿದ ನೀರು ಅಲ್ಲಿನ ಕಾಡು ಹೀರುವುದಕ್ಕಿಂತ ಹೆಚ್ಚೇನೂ ಇರಲಿಲ್ಲ. ನಮ್ಮ ಪಕ್ಕದ ಹೊಸಕೋಟೆಯಲ್ಲಿ, ಸುಮಾರು ಎಂಟು ಮೀಟರ್ ಆಳದ ಮಣ್ಣಿನಲ್ಲಿ, ಅದೇ ಮರ ಬಿದ್ದ ಮಳೆಗಿಂತಲೂ ಹೆಚ್ಚು ನೀರು ಎಳೆಯುತ್ತಿತ್ತು! ಹೋದ ವರ್ಷಗಳ ಮಳೆ ಮಣ್ಣಿನಾಳದಲ್ಲಿ ಉಳಿಸಿಟ್ಟದ್ದನ್ನೂ ಬೇರು ಇಳಿಸಿ ಕುಡಿಯುತ್ತಿತ್ತು. ಮರ ಒಂದೇ, ರಾಜ್ಯ ಒಂದೇ, ಮಣ್ಣು ಬೇರೆ, ಉತ್ತರ ಬೇರೆ. ನಾನು ‘ಜಿಲ್ಲಾ ಮಟ್ಟದ ಸಂಶೋಧನೆ’ ಎಂದು ಬಡಬಡಿಸುವುದು ಇದನ್ನೇ. ಈ ಲೆಕ್ಕ ನಮ್ಮ ಕೈಗೆ ಬರುವ ಹೊತ್ತಿಗೆ ತೋಪುಗಳು ಎದ್ದು ನಿಂತಿದ್ದವು. ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಇನ್ನು ನೀವು ಕೇಳುವ ನೀರಿನ ವಿಚಾರ. ನೀರು ಬಂತಲ್ಲ! 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯಿಂದ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ಮರು ತಿಂಗಳೇ ನೊರೆ ಎದ್ದಿತು. ಪ್ರಕರಣ ಹೈಕೋರ್ಟ್‌ಗೂ ಸುಪ್ರೀಂ ಕೋರ್ಟ್‌ಗೂ ಹೋಗಿ ಬಂತು. ಬತ್ತಿದ ಎಷ್ಟೋ ಬಾವಿಗಳಲ್ಲಿ ನೀರು ಕಂಡದ್ದು ನಿಜ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿದೆ, ಉಳಿದ ಸೂಕ್ಷ್ಮ ಕಲ್ಮಶವನ್ನೂ ತೆಗೆಯುವ ಮೂರನೇ ಹಂತ ಬೇಕೆಂಬ ಕೂಗು ಇನ್ನೂ ನಿಂತಿಲ್ಲ. ಈಗ ಹೇಳಿ, ಆ ನೀರು ಬರುವುದಕ್ಕೆ ಮುಂಚೆ ತನ್ನ ಬಾವಿಯ ನೀರು, ತನ್ನ ಹೊಲದ ಮಣ್ಣು ಹೇಗಿದ್ದವು ಎಂದು ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಂಡ ರೈತ ನಿಮ್ಮ ಪರಿಚಯದಲ್ಲಿ ಒಬ್ಬನಾದರೂ ಇದ್ದಾನೆಯೇ? ನಾಳೆ ಟೊಮೆಟೊ ಕೆಟ್ಟರೆ ಯಾವ ಆಧಾರದ ಮೇಲೆ ದೂರು ಕೊಡುತ್ತೀರಿ?

ಪಶ್ಚಿಮಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಮಾತು ಎತ್ತಿದರೆ ಈ ಉತ್ತರ ಮುಗಿಯುವುದಿಲ್ಲ. ವರ್ಷಕ್ಕೆ 24.01 ಟಿಎಂಸಿ (ಶತಕೋಟಿ ಘನ ಅಡಿ) ನೀರು ಸಿಗುತ್ತದೆ ಎಂದು ಯೋಜನೆ ಹೇಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಆ ಜಲಾನಯನದಲ್ಲಿ ಲೆಕ್ಕ ಹಾಕಿ 9.55 ಟಿಎಂಸಿ ಎಂದಿತು. ಎರಡರಲ್ಲಿ ಯಾವುದು ಸರಿ ಎಂದು ವೇದಿಕೆಯ ಮೇಲೆ ಒಮ್ಮೆಯಾದರೂ ಯಾರಾದರೂ ಕೂತು ಚರ್ಚಿಸಿದ್ದನ್ನು ಕೇಳಿದ್ದೀರಾ? ಕೇಳಿದ್ದೆಲ್ಲ ಚಪ್ಪಾಳೆ.

‘ಪ್ರಪಂಚದ ವಿಜ್ಞಾನಿಗಳು ಹೇಳಿ ಆಯಿತು’ ಎನ್ನುತ್ತೀರಿ. 2021ರ ನವೆಂಬರ್ ನೆನಪಿಸಿಕೊಳ್ಳಿ. ಮಳೆಯ ಲೆಕ್ಕದಲ್ಲಿ ಅದು ಸಮೃದ್ಧ ವರ್ಷ, ಎಷ್ಟೋ ಕಾಲದಿಂದ ತುಂಬದ ಕೆರೆಗಳೂ ಕೋಡಿ ಬಿದ್ದವು, ಜನ ಬಾಗಿನ ಬಿಟ್ಟರು. ಅದೇ ವಾರ ಕೊಯ್ದು ಅರಿ ಹಾಕಿದ್ದ ರಾಗಿ ಹೊಲದಲ್ಲೇ ನೆನೆದು, ತೆನೆಯ ಸಂದಿಸಂದಿಯಲ್ಲಿ ಬಿಳಿ ಮೊಳಕೆ ಎದ್ದಿತ್ತು. ಮುದ್ದೆಗೂ ಬಾರದು, ಬಿತ್ತನೆಗೂ ಬಾರದು. ಕಪ್ಪಾದ ಹುಲ್ಲನ್ನು ದನ ಮೂಸಿ ಹಿಂದೆ ಸರಿದವು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಬಿತ್ತನೆಯನ್ನು ಹದಿನೈದು ದಿನ ಮುಂದೆ ಹಾಕಬೇಕೇ, ಅಲ್ಪಾವಧಿ ತಳಿ ಹಿಡಿಯಬೇಕೇ, ಕಟಾವಿಗೆ ಯಾವ ವಾರ ನಂಬಬೇಕು ಎಂಬುದಕ್ಕೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಜಿನೀವಾದಿಂದ ಕಳಿಸುವ ವರದಿಯಲ್ಲಿ ಉತ್ತರವಿರುವುದಿಲ್ಲ. ನಮ್ಮ ಹೋಬಳಿಯ ಮೂವತ್ತು ನಲವತ್ತು ವರ್ಷದ ದಿನವಾರು ಮಳೆಯ ಲೆಕ್ಕದಲ್ಲಿದ್ದರೆ ಇದ್ದೀತು.

ಹಾಗೆಂದು ನಮ್ಮ ರಾಜ್ಯದಲ್ಲಿ ವ್ಯವಸ್ಥೆಯೇ ಇಲ್ಲ ಎಂದು ನಾನು ಅನ್ನುವುದಿಲ್ಲ. 1988ರಲ್ಲೇ ಬರ ನಿಗಾ ಘಟಕ ಕಟ್ಟಿದ ರಾಜ್ಯ ನಮ್ಮದು. ಅದೇ ಬೆಳೆದು ಈಗ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ, ಪಂಚಾಯಿತಿಗೊಂದು ಮಳೆಮಾಪಕ ಕೂರಿಸಿದೆ. ದೇಶಕ್ಕೇ ಮೇಲ್ಪಂಕ್ತಿ. ಆದರೆ ಒಂದು ಪಂಚಾಯಿತಿಯಲ್ಲಿ ನಾನು ಕಂಡ ಮಾಪಕದ ಮೇಲೆ ಹೊಂಗೆಯ ಕೊಂಬೆ ಕೊಡೆ ಹಿಡಿದಂತೆ ಬಾಗಿತ್ತು, ಬಾಯಲ್ಲಿ ಎಲೆಯ ಕಸ. ಬೆಳೆ ವಿಮೆಯ ಪರಿಹಾರಕ್ಕೆ ಇಂಥ ಮಾಪಕದ ಅಂಕಿಯನ್ನೂ ನೋಡುವುದುಂಟು. ಕೊಂಬೆ ಕಡಿಸಲು ಆದೇಶ ಯಾರು ಕೊಡಬೇಕು ಎಂಬುದೇ ಅಲ್ಲಿ ತೀರ್ಮಾನವಾಗಿರಲಿಲ್ಲ.

ನನ್ನ ನಿಜವಾದ ಸಂಕಟ ಬೇರೆಯೇ ಇದೆ. ನಮ್ಮ ಮೇಲೆ ಸಂಶೋಧನೆ ಮಾಡಿದವರು ಅದನ್ನು ನಮಗೆ ಓದಲು ಕೊಡುವುದಿಲ್ಲ. ಬೆಳಿಗ್ಗೆ ಬೆಂಗಳೂರಿನಿಂದ ಬಂದು, ಅರಳಿಕಟ್ಟೆಯ ಮೇಲೆ ಪ್ರಶ್ನಾವಳಿ ತುಂಬಿಸಿ, ಕತ್ತಲಾಗುವ ಮುಂಚೆ ಟೋಲ್ ದಾಟುತ್ತಾರೆ. ಪಾವಗಡದ, ಬಾಗೇಪಲ್ಲಿಯ ಫ್ಲೋರೈಡ್ ಬಗ್ಗೆ ಬರೆದ ಪ್ರಬಂಧ ಅಲ್ಲಿ ಹಲ್ಲು ಕಂದಾದ ಹುಡುಗನ ಭಾಷೆಯಲ್ಲಿ ಇರುವುದಿಲ್ಲ. ತೂಬಿನ ಕಂಬ ಎಷ್ಟು ಮುಳುಗಿದೆ ಎಂದು ನೋಡಿ, ಈ ಸಲ ಅಚ್ಚುಕಟ್ಟಿನ ಎಷ್ಟು ಗದ್ದೆಗೆ ನೀರು ಸಾಲುತ್ತದೆಂದು ಹೇಳುತ್ತಿದ್ದ ನೀರುಗಂಟಿ ಅಂಕಿಯನ್ನು ಊರಿಗೇ ಒಪ್ಪಿಸುತ್ತಿದ್ದ. ಅವನ ಕೆಲಸ ಹೋಯಿತು, ಆ ಜಾಗಕ್ಕೆ ಬಂದ ವಿದ್ವಾಂಸರಿಗೆ ಊರಿನ ಹಂಗಿಲ್ಲ. ಕನ್ನಡದಲ್ಲಿ ಎರಡು ಪುಟದ ಸಾರಾಂಶ ಕೊಡಿ ಎಂದು ನಾವು ಕೇಳಿದರೆ ‘ಪಾರಿಭಾಷಿಕ ಪದಗಳಿಲ್ಲ’ ಎನ್ನುತ್ತಾರೆ. ಹೂಳು, ಕೋಡಿ, ಒರತೆ ಎನ್ನುವ ಜನರ ನಡುವೆ ನಿಂತು ಹೇಳುವ ಮಾತೇ ಇದು?

ನೀವು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವರು, ಸಂಶೋಧನೆ ಬೇಡ ಎನ್ನುವ ಮಾತು ನಿಮಗೆ ಒಪ್ಪುವುದಿಲ್ಲ. ನೀವು ಪಾಠ ಮಾಡಿದ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ನಿಲ್ಲಿಸಿ, ಖರ್ಚು ಪತ್ರಿಕೆಯದು. ಮರದಿಂದ, ಗೋಡೆಯಿಂದ ದೂರವಿರಲಿ. ಬೆಳಿಗ್ಗೆ ಎಂಟೂವರೆಗೆ ಮಕ್ಕಳಿಂದ ಓದಿಸಿ, ಹವಾಮಾನ ಇಲಾಖೆಯ ಪದ್ಧತಿಯೂ ಅದೇ. ಮಳೆ ಬಾರದ ದಿನ ಸೊನ್ನೆ ಬರೆಸಿ, ಖಾಲಿ ಬಿಡಬೇಡಿ. ಹತ್ತಿರದ ಎರಡು ಬಾವಿಗಳ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ ಹಗ್ಗ ಬಿಟ್ಟು ನೋಡಿಸಿ. ಲೆಕ್ಕ ತಿಂಗಳ ಐದರೊಳಗೆ ನಮಗೆ ತಲುಪಿದರೆ ಅದೇ ಸಂಚಿಕೆಯಲ್ಲಿ ಅಚ್ಚಾಗುತ್ತದೆ.

— ಸಂ.